ಎಲ್ಲಾ ನಮ್ಮದ

ಲೂಪಸ್ ಕಾಯಿಲೆ ಇದ್ದವರು ಮುಂಜಾನೆ ಎದ್ದ ಕೂಡಲೇ ಮೈಯೊಳಗಿನ ಕಾವಲಿನವರಿಗೆ ಯಾವುದು ತಮ್ಮದೆಂದು ಪರಿಚಯ ಹೇಳಬೇಕು; ಇಲ್ಲದಿದ್ದರೆ ಅವರು ಕೆನ್ನೆಯಿಂದ ಕಿಡ್ನಿಯವರೆಗೆ ಸ್ವಂತ ಮೈಯನ್ನೇ ಕಚ್ಚುತ್ತಾರೆ. ಗದಗಿನ ನೀಲಗಂಗಾ ಏಳು ವರ್ಷದಿಂದ ಚಹಾಕ್ಕೆ ಮೊದಲೇ ಒಂದೇ ಉಸಿರಿಗೆ ಒದರಿಬಿಡುತ್ತಿದ್ದಳು: “ಎಲ್ಲಾ ನಮ್ಮದ, ಯಾವದನ್ನೂ ಮುಟ್ಟಬ್ಯಾಡ್ರಿ.”

ನಿನ್ನೆ ನರ್ಸ್ ಗರ್ಭಕೊರಳಿನ ಪರೀಕ್ಷೆಯ ಚೀಟಿ ತೋರಿಸಿದ್ದಳು. “ಅಕ್ಕಾರ, ಮುಂದ ಕ್ಯಾನ್ಸರ್ ತರೋ ಎಚ್‌ಪಿವಿ ವೈರಸ್ ಬಂದು ಕುಂತೈತಿ. ದಿನಾ ‘ಎಲ್ಲಾ ನಮ್ಮದ’ ಅಂತಿದ್ರಲ್ಲಾ, ಕಾವಲಿನವರು ಅದನ್ನೂ ಮುಟ್ಟದ ಬಿಟ್ಟಾರ.”

ಇಂದು ಏನು ಹೇಳಬೇಕೆಂದು ಯೋಚಿಸುವುದರಲ್ಲೇ ಚಹಾ ಆರಿತು. ನೀಲಗಂಗಾ ಮೂರು ಸಲ ಕೂತಳು, ಮೂರು ಸಲ ಎದ್ದಳು. ಕಡೆಗೆ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು, “ಗರ್ಭಕೊರಳು ನಮ್ಮದು. ಅಲ್ಲಿ ಕುಂತದ್ದು ನಮ್ಮದಲ್ಲ,” ಎಂದಳು.

ಏಳು ವರ್ಷ ಸುಮ್ಮನಿದ್ದ ಕಾವಲಿನವರು ದಡಬಡ ಎದ್ದರು. ಮೊದಲು ಉರಿದದ್ದು ಕೆನ್ನೆ.

“ಇಲ್ಲಿ ಅಲ್ರೋ!” ನೀಲಗಂಗಾ ಚೀರಿದಳು. “ಕೆಳಗ!”