ಹೊಸ್ತಿಲು ದಾಟದ ಕುರ್ಚಿ

ಮನೆಯಿಂದ ಕೆಲಸ ಮಾಡುವವರು ಒಮ್ಮೆ ಕುರ್ಚಿಯಲ್ಲಿ ಕೂತರೆ ಐದು ವರ್ಷ ಅದು ಬಿಡುವುದಿಲ್ಲ. ಹಾಗಾಗಿ ಆರಿಸಲು ಸೊಸೆ ಕುಮುದಳ ಜೊತೆ ನಾನೂ ಅಂಗಡಿಗೆ ಹೋದೆ.

“ಬೆನ್ನಿಗೆ ಮೆತ್ತಗಿದೆ ಅಕ್ಕಾ. ಊಟ, ಸ್ನಾನ, ನಿದ್ದೆ ಎಲ್ಲ ಇದರಲ್ಲೇ,” ಅಂದ ಅಂಗಡಿಯವನು.

“ಹೆರಿಗೆ ಬಿಟ್ಟೆಯಲ್ಲಪ್ಪಾ,” ಅಂದೆ.

“ಅದಕ್ಕೆ ಬೇರೆ ಮಾಡೆಲ್ ಇದೆ ಅಜ್ಜಿ,” ಅಂದ, ನಗದೆ.

ಕುಮುದ ಬಗ್ಗಿ ಗಾಲಿ ನೋಡಿದಳು. “ಇದು ಹೊಸ್ತಿಲು ದಾಟುತ್ತಾ? ಕೆಲಸದ ಕೋಣೆಗೆ ಮಗುವನ್ನು ಬಿಡಬಾರದಂತೆ, ಆಫೀಸಿನವರ ನಿಯಮ. ಅತ್ತರೆ ನಾನೇ ನಡುಮನೆಗೆ ಹೋಗಬೇಕು.”

“ಯಾವ ಕುರ್ಚಿಯೂ ಹೊಸ್ತಿಲು ದಾಟಲ್ಲ ಅಕ್ಕಾ.”

ಕುರ್ಚಿ ಕೊಂಡು ಮನೆಗೆ ಬಂದು ಉಳಿ, ಸುತ್ತಿಗೆ ತೆಗೆದೆ. ಮುಂದಿನ ಪಡಸಾಲೆಯೇ ಕುಮುದಳ ಕೆಲಸದ ಕೋಣೆ; ಅಲ್ಲಿಂದ ನಡುಮನೆಗೆ ಇರುವುದು, ಮದುವೆಯಾಗಿ ಬಂದ ದಿನ ಅವಳು ಸೇರಕ್ಕಿ ಒದ್ದು ದಾಟಿದ ಹೊಸ್ತಿಲು. ಅರಿಶಿನ ಮರದೊಳಕ್ಕೂ ಇಳಿದಿತ್ತು. ಕುರ್ಚಿ ಪಕ್ಕದಲ್ಲೇ ಇತ್ತು. ನಾನು ಕಡಿದು ಮುಗಿಸುವವರೆಗೂ ಕುಮುದ ಮಗುವನ್ನು ಎತ್ತಿಕೊಂಡು ನಿಂತೇ ಇದ್ದಳು.