ಕಿಟಕಿ ಪಕ್ಕದ ಸೀಟು

ನಡುಸಮುದ್ರದ ತೈಲಬಾವಿಗೆ ಹೆಲಿಕಾಪ್ಟರಿನಲ್ಲಿ ಹೋಗುವವರು, ಅದು ನೀರಿಗೆ ಬಿದ್ದರೆ ಬದುಕಿ ಬರುವುದು ಹೇಗೆಂದು ನಾಲ್ಕು ವರ್ಷಕ್ಕೊಮ್ಮೆ ಮಾಡಿ ತೋರಿಸಬೇಕು. ಹೆಲಿಕಾಪ್ಟರಿನಂಥ ಡಬ್ಬಿಯಲ್ಲಿ ಬೆಲ್ಟು ಕಟ್ಟಿ ಕೂರಿಸಿ, ಈಜುಕೊಳದಲ್ಲಿ ಮುಳುಗಿಸಿ ತಲೆಕೆಳಗು ಮಾಡುತ್ತಾರೆ. ತಾವಾಗಿ ಹೊರಬಂದವರ ಸರ್ಟಿಫಿಕೇಟು ನವೀಕರಣವಾಗುತ್ತದೆ. ಉಳಿದವರಿಗೆ ಕೆಲಸವಿಲ್ಲ.

ಕ್ರೇನ್ ಆಪರೇಟರ್ ಹರಿಕಂತ್ರನ ಹಳೆಯ ಸರ್ಟಿಫಿಕೇಟು ಈ ಪರೀಕ್ಷೆಯ ದಿನವೇ ಮುಗಿಯುತ್ತಿತ್ತು. ಅವನ ಗ್ರಹಚಾರಕ್ಕೆ ಡಬ್ಬಿಯಲ್ಲಿ ಜೊತೆಗೆ ಸಿಕ್ಕವರು ಅವನದೇ ಮ್ಯಾನೇಜರ್, ಇನಾಮದಾರ ಸಾಹೇಬರು.

"ಕಿಡಕಿ ಸೀಟು ನಂಗ ಬಿಡು," ಎಂದರು ಸಾಹೇಬರು. ವಿಮಾನದಲ್ಲೂ ಅವರದು ಅದೇ ಹಟ.

"ಕಿಟಕಿ ಹತ್ರ ಇರೋರು ಮೊದ್ಲು ಹೊರಗೆ. ಅವ್ರು ಹೋಗೋ ತನಕ ಪಕ್ಕದೋರು ಕಾಯ್ಬೇಕು," ಎಂದ ತರಬೇತುದಾರ.

ಡಬ್ಬಿ ಮುಳುಗಿ ಮಗುಚಿತು. ಸಾಹೇಬರು ಕಿಟಕಿ ತಳ್ಳಿದರು, ಬೆಲ್ಟನ್ನೂ ಬಿಚ್ಚಿದರು. ಆಮೇಲೆ ಕಿಟಕಿಯ ಚೌಕಟ್ಟನ್ನು ಬಿಗಿಯಾಗಿ ತಬ್ಬಿಕೊಂಡು ಅಲ್ಲೇ ಉಳಿದರು. ಹರಿಕಂತ್ರ ವಿನಯದಿಂದ ಅವರ ಭುಜ ತಟ್ಟಿದ. ಮತ್ತೆ ತಟ್ಟಿದ. ಉಸಿರು ಕಟ್ಟುತ್ತಿದ್ದಂತೆ ಮರ್ಯಾದೆ ಬದಿಗಿಟ್ಟು, ಕಾಲೆತ್ತಿ ಸಾಹೇಬರ ಕುಂಡೆಗೆ ಜಾಡಿಸಿ ಒದ್ದ. ಇಬ್ಬರೂ ಮೇಲೆ ಬಂದರು.

"ನೀವು ಪಾಸು," ಎಂದ ತರಬೇತುದಾರ ಹರಿಕಂತ್ರನಿಗೆ. ಸಾಹೇಬರನ್ನು ಮಾತ್ರ ಪಕ್ಕಕ್ಕೆ ಕರೆದು ಏನೋ ಹೇಳಿದ.

ಸಾಹೇಬರು ನೀರು ಸುರಿಸುತ್ತ ನೆಟ್ಟಗೆ ಹರಿಕಂತ್ರನ ಬಳಿ ಬಂದರು. ಸರ್ಟಿಫಿಕೇಟು ಉಳಿಯಿತು, ಕೆಲಸ ಹೋಯಿತು ಎಂದುಕೊಂಡ ಅವನು.

"ಒದ್ದಾಂವ ನೀನೇನು?"

"ಹೌದು ಸಾಹೇಬ್ರೇ. ತಪ್ಪಾಯ್ತು."

ಸಾಹೇಬರು ಸುತ್ತ ನೋಡಿ ದನಿ ತಗ್ಗಿಸಿದರು.

"ನಾ ಇನ್ನೊಮ್ಮೆ ಇಳೀಬೇಕಂತ. ಬಾಜೂಕ ನೀನ ಕುಂದ್ರು. ಈ ಸಲ ಸ್ವಲ್ಪ ಲಗೂನ ಒದಿ."