ಹೆಸರಷ್ಟೇ ಅವಳದು

ಈರಣ್ಣ ಮನೆ, ಹೋಟೆಲುಗಳಿಗೆ ಹೋಗಿ ಜಿರಲೆ, ಗೆದ್ದಲಿಗೆ ಔಷಧ ಹೊಡೆಯುತ್ತಿದ್ದ. ಪರವಾನಗಿ ಇರಲಿಲ್ಲ. ಒಮ್ಮೆ ಹುಡುಗಿಯರ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಪಾತ್ರೆ ಮುಚ್ಚಿಸದೆ ಹೊಡೆದು ಬಂದ. ಆರು ಹುಡುಗಿಯರು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಆಮೇಲೆ ಎಲ್ಲರೂ ಪರವಾನಗಿ ತೋರಿಸು ಎನ್ನತೊಡಗಿದರು. ಅದಕ್ಕೆ ವಿಜ್ಞಾನದ ಪದವಿ, ಮೇಲೆ ಹದಿನೈದು ದಿನದ ತರಬೇತಿ ಬೇಕು. ಪದವಿ ಇದ್ದದ್ದು ಹೆಂಡತಿ ಶೈಲಜಾಳಿಗೆ.

"ತರಬೇತಿಗೆ ಹೋಗಿ ಸುಮ್ನ ಕುಂತು ಬಾ. ಹೆಸರಷ್ಟ ನಿಂದು, ಕೆಲಸ ನಂದು," ಎಂದ.

ಹದಿನೈದು ದಿನವೂ ಅವಳು ಮುಂದಿನ ಸಾಲಿನಲ್ಲಿ ಕೂತಳು. ಯಾವ ವಿಷಕ್ಕೆ ಎಷ್ಟು ನೀರು, ಯಾವುದನ್ನು ಅಡುಗೆಮನೆಯೊಳಗೆ ತರಲೇಬಾರದು ಎಂಬುದನ್ನೆಲ್ಲ ಬರೆದುಕೊಂಡಳು. ಮನೆಗೆ ಬಂದು ಗಂಡನಿಗೆ ಹೇಳಹೋದರೆ ಅವನು ಟಿವಿಯ ಸದ್ದು ಏರಿಸುತ್ತಿದ್ದ.

ಪರವಾನಗಿ ಕೊಡುವ ದಿನ ಅಧಿಕಾರಿ ಕೇಳಿದ ಪ್ರಶ್ನೆಗೆಲ್ಲ ಈರಣ್ಣನೇ ಬಾಯಿ ಹಾಕಿದ.

"ನೀವು ಸುಮ್ನಿರ್ರಿ, ಅರ್ಜಿ ಅವರದೈತಿ," ಎಂದು ಅಧಿಕಾರಿ ಗದರಿದರು.

ಶೈಲಜಾ ಒಂದು ಪ್ರಶ್ನೆಗೂ ತಡವರಿಸಲಿಲ್ಲ. ಅಧಿಕಾರಿ ಸಹಿ ಹಾಕಿ ಕಾಗದವನ್ನು ಮುಂದೆ ಸರಿಸಿದಾಗ ಈರಣ್ಣ ಕೈ ಚಾಚಿದ. ಅಷ್ಟರಲ್ಲಿ ಅವಳು ಅದನ್ನೆತ್ತಿ ಮಡಚಿ ತನ್ನ ಚೀಲದೊಳಗೆ ಇಟ್ಟುಕೊಂಡಿದ್ದಳು.

"ಔಷಧ ಹೊಡಿಯಾಕ ನಿಮ್ಮ ಕಡೆ ಆಳು ಅದಾರೇನ್ರಿ?" ಅಧಿಕಾರಿ ಕೊನೆಯದಾಗಿ ಕೇಳಿದರು.

"ಹೂಂ, ಇವರೊಬ್ಬರಿದ್ರು ರೀ," ಅವಳು ಗಂಡನನ್ನು ತೋರಿಸಿ ಹೇಳಿದಳು, "ಇವತ್ತ ಕೆಲಸದಿಂದ ತಗದೀನಿ."